ಪರಸಿ ಮನಿಯ ಮುಂದೆ ಬಿಟ್ಟ ಕೆರಗಳು

ಶರಣ ಬಂಧುಗಳೆಲ್ಲರಿಗೂ ಶರಣು. ನಿಮ್ಮ ಅನುಭವ ಬರೆದುಕೊಡಿ ಎಂದು ನಮ್ಮ ಮಠದ ಹಿರಿಯರೊಬ್ಬರು ಕೇಳಿದಾಗ ನನಗೆ ಸಂತೋಷವಾಗಿತ್ತು. ಏನು ಬರೆಯುತ್ತೇನೆಂದು ಹೇಳಿದೆ ನೋಡಿ, ಅವರ ಮುಖ ಸಣ್ಣದಾಯಿತು. "ಅಕ್ಕಾರ, ಬ್ಯಾರೆ ಏನರ ಬರೀರಿ. ಬೀದ್ಯಾಗ ಇದ್ದದ್ದು ಮಂದಿಗ್ಯಾಕ ಹೇಳ್ತೀರಿ? ನಿಮಗೇ ಮರ್ಯಾದಿ ಅಲ್ಲ," ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಮರ್ಯಾದೆ ಹೋಗಬೇಕಾದವರು ಬೇರೆಯೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ, ಒಂದಕ್ಷರವನ್ನೂ ಮುಚ್ಚಿಡದೆ.

ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷ ನನ್ನ ಅಪ್ಪ ಜ್ವರದಿಂದ ತೀರಿಕೊಂಡ. ನಮ್ಮದು ಸೇಡಂ ಕಡೆಯ ಹಳ್ಳಿ. ನನಗಾಗ ಒಂಬತ್ತೋ ಹತ್ತೋ ವಯಸ್ಸು. ಅಪ್ಪನ ಸಮಾಧಿಯ ಮಣ್ಣು ಆರುವ ಮೊದಲೇ ದೊಡ್ಡಪ್ಪ ನಮ್ಮ ಗಂಟುಮೂಟೆ ತಂದು ಅಂಗಳದಲ್ಲಿಟ್ಟ. "ಗಂಡು ಹುಳ ಇಲ್ಲದ ಮ್ಯಾಲ ನಿಮಗ್ಯಾಕ ಬೇಕು ಪಾಲು? ತವರಿಗಿ ಹೋಗು," ಎಂದ. ಅವ್ವನಿಗೆ ತವರು ಎಲ್ಲಿತ್ತು? ತಂದೆತಾಯಿ ಇಬ್ಬರೂ ಪ್ಲೇಗಿನಲ್ಲಿ ಹೋಗಿದ್ದರು. ಅದು ದೊಡ್ಡಪ್ಪನಿಗೂ ಗೊತ್ತು, ನೋಡುತ್ತ ನಿಂತ ಊರಿಗೂ ಗೊತ್ತು. ಒಬ್ಬರಾದರೂ "ಏ, ಇದು ತಪ್ಪಪ್ಪ" ಅನ್ನಲಿಲ್ಲ. ಅವರೆಲ್ಲ ದಿನಾ ಮುಂಜಾನೆ ಹಣೆತುಂಬ ವಿಭೂತಿ ಹಚ್ಚುವವರೇ!

ಸೇಡಂನಲ್ಲಿ ರೈಲು ಹತ್ತಿ ಚಿತ್ತಾಪುರ ದಾಟಿ ವಾಡಿ ಜಂಕ್ಷನ್ನಿಗೆ ಬಂದೆವು. ಮುಂದೆ ಎಲ್ಲಿಗೆ ಅನ್ನುವುದು ಅವ್ವನಿಗೇ ತಿಳಿದಿರಲಿಲ್ಲ. ಹಾಗಾಗಿ ಪ್ಲಾಟ್‌ಫಾರಮ್ಮಿನಲ್ಲೇ ಉಳಿದೆವು. ಅಲ್ಲಿ ಇರುವುದಕ್ಕೂ ಒಂದು ರೀತಿಯಿತ್ತು. ಗಂಟು ಬಿಚ್ಚಬಾರದು, ಕಾಲು ಚಾಚಿ ಮಲಗಬಾರದು. ಗಾಡಿ ಬಂದಾಗಲೆಲ್ಲ ಎದ್ದು ನಿಂತು ಇಣುಕಿ ನೋಡಬೇಕು, ಇದು ನಮ್ಮ ಗಾಡಿಯಲ್ಲ ಎಂಬಂತೆ ಮತ್ತೆ ಕೂರಬೇಕು. ಅವ್ವ ನನಗೆ ಕಲಿಸಿದ್ದು ಒಂದೇ ಮಾತು: "ಯಾರರ ಕೇಳಿದ್ರ, ನಮ್ಮ ಗಾಡಿ ಲೇಟ್ ಅದರಿ ಅನ್ನು." ಹೊಲದಲ್ಲಿ ತಲೆಯೆತ್ತಿ ದುಡಿದಿದ್ದ ನನ್ನ ಅವ್ವ, ಮಗಳಿಗೆ ಸುಳ್ಳು ಹೇಳಿಕೊಡುವಾಗ ಬೇರೆ ಕಡೆ ಮುಖ ತಿರುಗಿಸಿದಳು.

ಶಿವರಾತ್ರಿಯ ಮರುದಿನ ಹತ್ತಿರದ ಊರಿನ ಒಂದು ಮಠದಲ್ಲಿ ದಾಸೋಹವೆಂದು ತಿಳಿದು ನಡೆದುಕೊಂಡು ಹೋದೆವು. ಪಂಕ್ತಿಯಲ್ಲಿ ಕುಳಿತೆವು. ನನ್ನ ಎಲೆಗೆ ಹುಗ್ಗಿ ಬಡಿಸಿಯೂ ಆಗಿತ್ತು. ಆಗ ಜರಿ ಸೀರೆಯ ಒಬ್ಬ ಹೆಣ್ಣುಮಗಳು ಬಂದು ನಿಂತು, "ನೀವು ಯಾವ ಮನಿಯವರ?" ಎಂದಳು. ನನಗೆ ಹಸಿವಿನಲ್ಲಿ ಕಲಿಸಿದ ಸುಳ್ಳು ಮರೆತೇಹೋಯಿತು. "ಸ್ಟೇಶನ್ನ್ಯಾಗ ಇರ್ತೀವ್ರಿ," ಎಂದುಬಿಟ್ಟೆ.

"ಅಯ್ಯ ಶಿವನೇ! ಮನಿ ಮಠ ಇಲ್ಲದವರು ಹೊರಗ ಕುಂದ್ರಿ. ಉಳದದ್ದು ಕೊಡ್ತೀವಿ," ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ಬಂಧುಗಳೇ, ಇದು ನಡೆದದ್ದು ಬಸವಣ್ಣನ ಹೆಸರಿನ ದಾಸೋಹದಲ್ಲಿ. ಮಠದೊಳಗೇ ಕುಳಿತ ಕೂಸಿಗೆ ನಿನಗೆ ಮಠವಿಲ್ಲ ಅಂದರು! ಅವ್ವ ಉಳಿದದ್ದಕ್ಕೆ ಕಾಯಲಿಲ್ಲ. ನನ್ನ ಕೈ ಹಿಡಿದು ಹೊರಗೆ ಬಂದಳು. ದಾರಿಯುದ್ದಕ್ಕೂ ನಾನು ಅತ್ತದ್ದು ಹುಗ್ಗಿಗಾಗಿ ಅಲ್ಲ. ಅಂದಿನಿಂದ ಯಾರಾದರೂ ಬಾಯಿ ತೆರೆದರೆ ಸಾಕು, ಯಾವ ಮನಿ ಎಂದು ಕೇಳಿಯೇಬಿಡುತ್ತಾರೆಂದು ಹೆದರಿ ಅವ್ವನ ಸೆರಗಿನ ಹಿಂದೆ ಸರಿಯುತ್ತಿದ್ದೆ.

ನಮ್ಮನ್ನು ದಿನಾ ನೋಡುತ್ತಿದ್ದ ಸ್ಟೇಶನ್ನಿನ ಹಮಾಲಿಯೊಬ್ಬ ಶಹಾಬಾದಿನ ಕಲ್ಲುಗಣಿಯಲ್ಲಿ ಕೂಲಿ ಸಿಗುತ್ತದೆಂದು ಹೇಳಿದ. ಹೋದೆವು. ಅವ್ವ ಪರಸಿ ಹೊರುವ ಕೆಲಸಕ್ಕೆ ಸೇರಿದಳು. ಪರಸಿ ಅಂದರೆ ನಿಮ್ಮೆಲ್ಲರ ಮನೆಯ ನೆಲದಲ್ಲಿರುವ ಆ ಹಾಸುಗಲ್ಲೇ. ಅಂಚು ಒಡೆದು ಬಿಕರಿಯಾಗದ ಪರಸಿಗಳನ್ನು ಗಣಿಯ ಒಂದು ಮಗ್ಗುಲಿಗೆ ಎಸೆಯುತ್ತಿದ್ದರು. ಮೇಸ್ತ್ರಿಯನ್ನು ಕೇಳಿ ಅವ್ವ ಅಂಥವನ್ನೇ ಆಯ್ದು, ಮೂರು ಕಡೆ ನಿಲ್ಲಿಸಿ, ಕೂಲಿ ಹೆಂಗಸರ ನೆರವಿನಿಂದ ಮೇಲೊಂದು ಅಡ್ಡ ಹಾಕಿದಳು. ಒಳಗೆ ಬಗ್ಗಿಕೊಂಡೇ ಹೋಗಬೇಕು. ಬಿಸಿಲಿಗೆ ಕಲ್ಲು ಕಾದು ಹಂಚಾಗುತ್ತಿತ್ತು. ಉಳಿದ ಕೂಲಿಗಳಿಗೆ ಊರಲ್ಲಿ ಗುಡಿಸಲುಗಳಿದ್ದವು. ಸಂಜೆ ಅವರು ಹೊರಡುವಾಗ "ನಡೀರಿ, ಮನಿಗಿ ಹೋಗಮು" ಅಂದರೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಮಳೆಗಾಲ ಶುರುವಾಗುವ ಮಿರಗದ ಮಳೆ ಹತ್ತಿರ ಬಂದಾಗ ನನಗೆ ಕೆಮ್ಮು ಹತ್ತಿತು. ಅದೇ ಹೊತ್ತಿಗೆ, ನಾವು ಗಣಿಯಲ್ಲಿರುವ ಸುದ್ದಿ ತಿಳಿದು, ಯಾರ ಕೈಯಲ್ಲೋ ದೊಡ್ಡಪ್ಪ ಹೇಳಿಕಳಿಸಿದ: "ಹುಡುಗಿನ್ನ ಕಳಸು. ದನದ ಕೊಟ್ಟಿಗ್ಯಾಗ ಮಲಗ್ತಾಳ, ಸೆಗಣಿ ಬಳೀತಾಳ. ಹೊಟ್ಟಿಗಿ ಹಾಕ್ತೀನಿ." ನೋಡಿ ಹೇಗಿದೆ! ನನ್ನ ಅಪ್ಪನ ಮನೆಯ ಕೊಟ್ಟಿಗೆಯಲ್ಲಿ ನಾನು ಆಳು. ಆದರೆ ಅವ್ವ ಏನು ಮಾಡಿಯಾಳು? ತಲೆಯ ಮೇಲೆ ಸೂರಾದರೂ ಇರುತ್ತದೆಂದು ನನ್ನ ಎರಡು ಲಂಗ ಮಡಚಿ ಗಂಟು ಕಟ್ಟಿದಳು. ಕಟ್ಟುತ್ತ ಬಿಕ್ಕಿದಳು. "ಅವ್ವಾ, ನಾ ಹೋಗಲ್ಲ," ಎಂದೆ. ಅವಳು ಗಂಟನ್ನು ಮೂಲೆಗಿಟ್ಟಳು.

ಮರುದಿನ ಮುಂಜಾನೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೀರೆರೆಯುವಾಗ ನಾನು ದೇವರೊಂದಿಗೆ ಜಗಳಕ್ಕೇ ಇಳಿದೆ. ಅದನ್ನು ಪ್ರಾರ್ಥನೆ ಅಂದರೆ ಸುಳ್ಳಾದೀತು. "ನನ್ನ ಕೊರಳಾಗ ನಿನಗ ಮನಿ ಅದ. ವಸ್ತ್ರದಾಗ ಸುತ್ತಿ ಬೆಚ್ಚಗ ಇಟ್ಟೀನಿ. ನನಗ್ಯಾಕ ಇಲ್ಲ? ನಾಚಿಕಿ ಆಗಲ್ಲೇನು ನಿನಗ?" ಎಂದು ಬೈದೆ. ಬೈದು, ಅತ್ತು, ಮತ್ತೆ ಕೊರಳಿಗೆ ಕಟ್ಟಿಕೊಂಡೆ.

ಅಂದು ಸೋಮವಾರ. ಮಧ್ಯಾಹ್ನ ಕೆಲಸ ಬಿಟ್ಟ ವೇಳೆಯಲ್ಲಿ ಅವ್ವ ಹೊರಗೆ ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಗಣಿಯ ದಿಬ್ಬದ ಆಚೆಯಿಂದ ಗಂಟೆಯ ಸದ್ದು ಬಂತು. ಕಂತಿಭಿಕ್ಷೆಯ ಅಯ್ಯನವರು. ಜೋಳಿಗೆ ಹಾಕಿಕೊಂಡು ಭಕ್ತರ ಮನೆಮನೆಯ ಮುಂದೆ ನಿಲ್ಲುವ ಜಂಗಮರನ್ನು ನೀವೂ ನೋಡಿದ್ದೀರಿ. ಈ ಅಯ್ಯನವರು ಮುದುಕರು, ಕಾವಿ ಬಟ್ಟೆ ಬಿಸಿಲಿಗೆ ಬಣ್ಣ ಬಿಟ್ಟಿತ್ತು. ನೆಟ್ಟಗೆ ನಮ್ಮ ಕಡೆಗೇ ಬಂದರು. ನಾನು ಕಲ್ಲಿನ ಮರೆಗೆ ಸರಿದೆ. ಇವರೂ ಅದನ್ನೇ ಕೇಳುತ್ತಾರಲ್ಲಾ!

ಅವ್ವ ಗಾಬರಿಯಿಂದ ಎದ್ದಳು. "ಮುಂದ ಹೋಗ್ರಿ ಅಯ್ಯಾರ. ಇದು ಮನಿ ಅಲ್ರಿ. ಒಡಕ ಪರಸಿ ನಿಲ್ಲಿಸೀವಿ."

"ಹೊಗಿ ಕಂಡು ಬಂದೀನವ್ವ," ಎಂದರು ಅಯ್ಯನವರು. "ಒಲಿ ಉರ್ಯಾಕತ್ತದ, ರೊಟ್ಟಿ ಬೇಯ್ಲಿಕತ್ತದ, ಒಳಗ ಒಂದು ಕೂಸು ಅದ. ಮತ್ತ ಮನಿ ಅಂದ್ರ ಹ್ಯಾಂಗಿರ್ತದ?"

ಹಾಗೆಂದು ತಮ್ಮ ಎರಡೂ ಕೆರಗಳನ್ನು ಬಿಟ್ಟು, ಒಂದರ ಪಕ್ಕ ಒಂದಿಟ್ಟು, ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತರು. ಬಯಲಿನಲ್ಲಿ ಯಾರಾದರೂ ಕೆರ ಬಿಡುತ್ತಾರೆಯೇ? ಹೊಸ್ತಿಲು ಇದ್ದಲ್ಲಿ ಬಿಡುತ್ತಾರೆ. ನಾನು ಆ ಕೆರಗಳನ್ನೇ ನೋಡುತ್ತ ನಿಂತೆ. ಅವ್ವ ಅವರ ಪಾದಕ್ಕೆ ನೀರು ಹಾಕಿದಳು. ಅವರು ತಲೆ ಬಗ್ಗಿಸಿ ಒಳಗೆ ಬಂದು ಗೋಣಿತಟ್ಟಿನ ಮೇಲೆ ಕುಳಿತು, ರೊಟ್ಟಿ ಖಾರ ತಿಂದು, ನೀರು ಕುಡಿದು, ಅರ್ಧ ರೊಟ್ಟಿಯನ್ನು ಜೋಳಿಗೆಗೆ ಹಾಕಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಮನಿ ಹೆಸರೇನವ್ವ? ಮುಂದಿನ ಸೋಮವಾರ ಮತ್ತ ಬರಬೇಕಲ್ಲ."

"ಪರಸಿ ಮನಿರಿ," ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು, ಯಾರೂ ಹೇಳಿಕೊಟ್ಟದ್ದಲ್ಲ.

"ಛಲೋ ಹೆಸರು," ಎಂದು ನಕ್ಕು ವಿಭೂತಿ ಹಚ್ಚಿ ಹೋದರು. ಕೂಲಿ ಹೆಂಗಸರೆಲ್ಲ ನೋಡುತ್ತಿದ್ದರು.

ಮೂರ್ನಾಲ್ಕು ದಿನ ಬಿಟ್ಟು ನನ್ನನ್ನು ಕರೆದೊಯ್ಯಲು ದೊಡ್ಡಪ್ಪ ತಾನೇ ಬಂದ. ಧೋತರ, ಕರೀ ಕೋಟು, ಕಾಲಲ್ಲಿ ಲಾಡಿ ಕಟ್ಟಿದ ಬೂಟು. ನನ್ನ ಗಂಟು ಇನ್ನೂ ಮೂಲೆಯಲ್ಲೇ ಇತ್ತು. "ಥೂ, ಏನಿದು ಹಾಳು ಬಾಳೇವು! ಬಾ ಹುಡುಗಿ," ಎಂದು ಬೂಟುಗಾಲಲ್ಲೇ ಒಳಗೆ ಬಗ್ಗಿದ.

ಅವ್ವ ಅಡ್ಡ ನಿಂತಳು. "ಭಾವಾ, ಕಾಲಾಗಿನ ಬೂಟ ಬಿಟ್ಟು ಬರ್ರಿ."

"ಏನಂದಿ? ಈ ಕಲ್ಲಿನ ಗುಡ್ಡಿಗಿ ಬೂಟ ಬಿಡಬೇಕಾ?"

"ಅಯ್ಯಾರು ಕೆರ ಬಿಟ್ಟು ಬಂದು ಉಂಡ ಮನಿ ಇದು. ನೀವು ಅವರಕಿಂತ ದೊಡ್ಡವ್ರಾ? ಬಿಟ್ಟು ಬಂದ್ರ ನೀರು ಕೊಡ್ತೀನಿ. ಇಲ್ಲಂದ್ರ ಹೊರಗ ನಿಂತು ಮಾತಾಡ್ರಿ. ನನ್ನ ಮಗಳು ಎಲ್ಲೂ ಬರಂಗಿಲ್ಲ."

ಕೆಲಸ ಬಿಟ್ಟು ಹೆಂಗಸರು ಸುತ್ತ ಕೂಡಿದ್ದರು. "ಖರೇ ಅದರಿ, ಅಯ್ಯಾರು ಉಂಡಾರ," ಎಂದಳು ಒಬ್ಬಳು. ಜಂಗಮರು ಉಂಡ ಮನೆಯನ್ನು ಜನರೆದುರು ಮನೆಯಲ್ಲ ಅನ್ನುವ ಧೈರ್ಯ ವಿಭೂತಿ ಹಚ್ಚಿದ ದೊಡ್ಡಪ್ಪನಿಗೆಲ್ಲಿ? ಕಲ್ಲಿನ ಮೇಲೆ ಕುಳಿತ. ಲಾಡಿ ಗಂಟಾಗಿತ್ತು. ತೇಕುತ್ತ, ಬೆವರುತ್ತ ಬಿಚ್ಚಿದ. ಬರಿಗಾಲಲ್ಲಿ ಒಳಗೆ ಬಂದು ನೀರು ಕುಡಿದು, ಒಬ್ಬನೇ ತಿರುಗಿ ಹೋದ. ಅವ್ವ ನನ್ನ ಗಂಟು ಬಿಚ್ಚಿದಳು.

ಪವಾಡವಾಯಿತೆಂದು ತಿಳಿಯಬೇಡಿ. ಮಳೆ ಬಂತು, ಪರಸಿ ಮನಿ ಸೋರಿತು, ನಾನು ಕೆಮ್ಮಿದೆ. ಆದರೆ ಅದೇ ಹೆಂಗಸರು ಸಂದಿಗಳಿಗೆ ಮಣ್ಣು ಮೆತ್ತಿದರು, ಕಷಾಯ ಕುಡಿಸಿದರು, ಕೆಮ್ಮು ಹೋಯಿತು. ಅಯ್ಯನವರು ಮಾತು ಕೊಟ್ಟಂತೆ ಸೋಮವಾರ ಬಂದರು. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಚಿತ್ತಾಪುರದವರು ನನ್ನನ್ನು ನೋಡಲು ಬಂದಾಗ, ಯಾವ ಮನಿ ಹುಡುಗಿ ಎಂದರು. ನಾನೇ ತಲೆಯೆತ್ತಿ ಹೇಳಿದೆ, ಪರಸಿ ಮನಿ.

ಹೋದ ಶಿವರಾತ್ರಿಗೆ ನಮ್ಮ ಮಠದ ಪಂಕ್ತಿಯಲ್ಲಿ ಇಟ್ಟಿಗೆ ಭಟ್ಟಿಯ ಇಬ್ಬರು ಮಕ್ಕಳು ಕುಳಿತಿದ್ದರು. ಬಡಿಸುತ್ತಿದ್ದವರೊಬ್ಬರು ಸೌಟು ತಡೆದು ಅದೇ ಪ್ರಶ್ನೆ ಕೇಳಿದರು. ನಾನು ಎದ್ದು ಹೋಗಿ ಆ ಮಕ್ಕಳ ನಡುವೆ ಕುಳಿತೆ. "ನಮ್ಮ ಮನಿಯವ್ರು. ಹಾಕ್ರಿ ಹುಗ್ಗಿ," ಎಂದೆ. ಹಾಕಿದರು.

ಶಿವನೇ, ಅಂದು ನಿನಗೆ ಬೈದದ್ದು ನೀನು ಕೇಳಿಸಿಕೊಂಡೆ. ನಿನಗೆ ಶರಣು. ಕಾದ ಕಲ್ಲಿನ ಮೇಲೆ ಬಿಟ್ಟ ಆ ಕೆರಗಳಿಗೂ ಶರಣು.