ಸಿಟ್ಟಿಲ್ಲದ ಮುಳ್ಳು

ಮಲ್ಪೆ ಬಂದರಿನ ಮಗ್ಗುಲಲ್ಲೇ ಇದ್ದುಕೊಂಡು ಡಬ್ಬದ ಮೀನು ತಿನ್ನುತ್ತೇನೆ ಎಂದು ಹೇಳಿಕೊಳ್ಳಲು ಸ್ವಲ್ಪ ಧೈರ್ಯ ಬೇಕು. ಮಣಿಪಾಲದ ಅಂಗಡಿಯಲ್ಲಿ ಅದನ್ನು ಕೊಳ್ಳುವಾಗ ನಾನು ಬುಟ್ಟಿಯಲ್ಲಿ ಅದರ ಮೇಲೊಂದು ಬ್ರೆಡ್ಡಿನ ಪೊಟ್ಟಣ ಇಟ್ಟು ಮುಚ್ಚುತ್ತೇನೆ. ಪರಿಚಯದವರು ಕಂಡರೆ "ಎಂತ, ಊರಲ್ಲಿ ಮೀನಿಗೆ ಬರವಾ?" ಎಂದು ಕೇಳಿಯಾರು. ಬ್ರೆಡ್ಡು ಮಾನ ಮುಚ್ಚಲಿಕ್ಕೂ ಆಗುತ್ತದೆ, ಮನೆಗೆ ಬಂದ ಮೇಲೆ ಸ್ಯಾಂಡ್‌ವಿಚ್ ಮಾಡಲಿಕ್ಕೂ ಆಗುತ್ತದೆ.

ಸಾಲದ್ದಕ್ಕೆ ನಾನು ಕಾರ್ಕಳದವಳು. ನಾವು ಚಿಕ್ಕವರಿದ್ದಾಗ ಅಲ್ಲಿಗೆ ಮೀನು ಬಸ್ಸು ಹತ್ತಿ, ಧೂಳು ಕುಡಿದು, ಬಿಸಿಲೇರಿದ ಮೇಲೆ ಬುಟ್ಟಿಯಲ್ಲಿ ಕೂತು ಮನೆ ಬಾಗಿಲಿಗೆ ಬರುತ್ತಿತ್ತು. ಕಾಪುವಿನಲ್ಲಿ ಹುಟ್ಟಿ, ಕಾಪುವಿನಲ್ಲೇ ಮದುವೆಯಾಗಿ, ಕಡಲನ್ನು ನೆರೆಮನೆಯವರಂತೆ ಕಂಡ ನನ್ನ ಅತ್ತೆಯ ಪ್ರಕಾರ ಅದು ಮೀನಿನ ನೆನಪು ಮಾತ್ರ. "ಕಾರ್ಕಳದವರಿಗೆ ಮೀನಿನ ವಿಷಯ ಎಂತ ಗೊತ್ತುಂಟು?" ಎನ್ನುವುದು ನಮ್ಮ ಮನೆಯ ಗಾದೆ. ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಅಡುಗೆಮನೆಯಲ್ಲಿ ಇನ್ನೂ ಪಾಸಾಗಿಲ್ಲ.

ಅತ್ತೆ ಬೂತಾಯಿ ತಿನ್ನುವುದನ್ನು ನೀವು ನೋಡಬೇಕಿತ್ತು. ಬಾಯಿಯ ಒಂದು ಬದಿಯಿಂದ ಮೀನು ಒಳಗೆ ಹೋದರೆ ಇನ್ನೊಂದು ಬದಿಯಿಂದ ಬಾಚಣಿಗೆಯಂಥ ಮುಳ್ಳು ಇಡಿಯಾಗಿ ಹೊರಗೆ ಬರುತ್ತಿತ್ತು. ನಡುವೆ ಊರ ಸುದ್ದಿ ಒಂದು ಶಬ್ದಕ್ಕೂ ನಿಲ್ಲುತ್ತಿರಲಿಲ್ಲ. ನಮ್ಮ ಮಗಳಿಗೆ ಮೀನು ತಿನ್ನಲು ಕಲಿಸಿದವರೂ ಅವರೇ.

ಅಂಥವರ ಗಂಟಲಿಗೆ ಕಳೆದ ವರ್ಷ ಒಂದು ಮುಳ್ಳು ಸಿಕ್ಕಿಕೊಂಡಿತು. ಅನ್ನದ ಉಂಡೆ ನುಂಗಿಸಿದೆವು, ಬಾಳೆಹಣ್ಣು ನುಂಗಿಸಿದೆವು. ಕೊನೆಗೆ ಆಸ್ಪತ್ರೆಯಲ್ಲಿ ಡಾಕ್ಟರು ದೀಪವಿರುವ ಕೊಳವೆ ಇಳಿಸಿ ತೆಗೆದರು. ಕೂದಲಿಗಿಂತ ಒಂದಿಷ್ಟು ದಪ್ಪ, ಅಷ್ಟೇ. ಅದನ್ನು ಹತ್ತಿಯ ಮೇಲಿಟ್ಟು ತೋರಿಸಿದಾಗ ಅತ್ತೆ ಮುಖ ತಿರುಗಿಸಿದರು. ಮನೆಗೆ ಬಂದವರೇ, "ನನಗೂ ಮೀನಿಗೂ ಇನ್ನು ಮಾತಿಲ್ಲ" ಅಂದರು.

ನಾಲ್ಕು ದಿನದ ಮುನಿಸು ಎಂದುಕೊಂಡೆವು. ತಿಂಗಳುಗಳೇ ಕಳೆದವು. ಗಂಜಿ, ಉಪ್ಪಿನಕಾಯಿ, ಮತ್ತೆ ಗಂಜಿ. ಮೊಟ್ಟೆಯ ವಾಸನೆ ಅವರಿಗೆ ಮೊದಲಿನಿಂದಲೂ ಆಗದು. ರವಿಕೆಗಳೆಲ್ಲ ಹೆಗಲಿನಿಂದ ಜಾರತೊಡಗಿದವು. "ಮೈಗೆ ಪ್ರೋಟೀನ್ ಬೇಕಮ್ಮ. ಬೂತಾಯಿ, ಬಂಗುಡೆಯಂಥ ಎಣ್ಣೆಯಿರುವ ಮೀನು ಹೃದಯಕ್ಕೂ ಒಳ್ಳೆಯದು" ಎಂದು ಡಾಕ್ಟರು ಹೇಳಿದರೆ ಅತ್ತೆ ಸುಮ್ಮನೆ ನಕ್ಕರು. ಒಂದು ಮಧ್ಯಾಹ್ನ ನಮ್ಮವರು ಬಂಗುಡೆಯ ಮುಳ್ಳು ಬಿಡಿಸಿ, ಬರೀ ಮೀನನ್ನು ತಾಯಿಯ ತಟ್ಟೆಗೆ ಹಾಕಿದರು. ಅತ್ತೆ ತಟ್ಟೆ ದೂಡಿದರು.

"ನಾನೆಂತ ಹಲ್ಲು ಬಾರದ ಮಗುವಾ?"

ಅವರನ್ನು ಕಾಡುತ್ತಿದ್ದುದು ಭಯವೊಂದೇ ಆಗಿದ್ದರೆ ಹೇಗಾದರೂ ಸಮಾಧಾನ ಹೇಳಬಹುದಿತ್ತು. ಊರಿಗೆಲ್ಲ ಈಜು ಕಲಿಸಿದವರು ಮೊಣಕಾಲು ನೀರಿನಲ್ಲಿ ಮುಳುಗಿದರೆ ಆಗುವ ಅವಮಾನ ಅದು. ಅದಕ್ಕೆ ಮದ್ದು ಹುಡುಕುವುದು ಕಷ್ಟ.

ಮಳೆಗಾಲ ಬಂತು. ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡು ನಿಂತವು. ನಮ್ಮ ಕೆಳಗಿನ ಮನೆಯಲ್ಲಿ ಜಮೀಲಾ ಇದ್ದಾಳೆ. ಇಲ್ಲೇ ಹತ್ತಿರದ ಹೂಡೆಯವಳು, ಗಂಡ ಗಲ್ಫಿನಲ್ಲಿ. ರಜೆಗೆ ಬಂದ ಆತ ತಂದ ಸಾಮಾನಿನಲ್ಲಿ ಒಂದಷ್ಟು ಮೀನಿನ ಡಬ್ಬಗಳೂ ಇದ್ದವು. ಅವುಗಳಲ್ಲಿ ಕೆಲವನ್ನು ನಮಗೆ ಕೊಡುತ್ತ ಅವಳೆಂದಳು, "ಬೂತಾಯಿಯೇ ಅಕ್ಕ. ಅಲ್ಲಿ ರೂಮಿನಲ್ಲಿ ಅವರಿಗೆ ಇದೇ ಊಟ. ಮುಳ್ಳು ತೆಗೆಯುವ ರಗಳೆಯೇ ಇಲ್ಲ."

ನನ್ನ ಕಿವಿ ನೆಟ್ಟಗಾಯಿತು. ಆ ದಿನವೇ ಒಂದು ಡಬ್ಬ ಒಡೆದು ನೋಡಿದೆ. ಡಬ್ಬವನ್ನು ಮುಚ್ಚಿ ಹಬೆಯಲ್ಲಿ ಬೇಯಿಸುತ್ತಾರಲ್ಲ, ಮುಳ್ಳೆಲ್ಲ ಮೆತ್ತಗಾಗಿತ್ತು.

ಭಾನುವಾರ ಮೊದಲ ಸ್ಯಾಂಡ್‌ವಿಚ್ ಮಾಡಿದೆ. ಬಿಳಿ ಬ್ರೆಡ್ಡು, ಅಂಗಡಿಯ ಮಯೊನೀಸು, ಡಬ್ಬದಿಂದ ನೇರ ಎತ್ತಿಟ್ಟ ಮೀನು. ನಮ್ಮವರು ಅರ್ಧ ತಿಂದು "ಆಫೀಸಿಗೆ ಹೊತ್ತಾಯಿತು" ಎಂದು ಎದ್ದುಬಿಟ್ಟರು. ಭಾನುವಾರ ಎಂಬುದು ಅವರಿಗೆ ಮೆಟ್ಟಿಲಿಳಿದ ಮೇಲೆ ನೆನಪಾಗಿರಬೇಕು. ಅತ್ತೆ ದೂರದಿಂದಲೇ ತೀರ್ಪು ಕೊಟ್ಟರು: "ಡಬ್ಬದಲ್ಲಿ ಇಡುವುದು ರವೆ, ಸಕ್ಕರೆ."

ನಾನು ಬಿಡಲಿಲ್ಲ. ನಮ್ಮ ಹಿರಿಯರು ಮೀನು ಒಣಗಿಸಿ ಮಡಕೆಯಲ್ಲಿಟ್ಟು ಮಳೆಗಾಲ ದಾಟುತ್ತಿದ್ದರು. ಅವರ ಉಪ್ಪು, ಬಿಸಿಲಿನ ಕೆಲಸವನ್ನೇ ಈ ಡಬ್ಬದವರು ತಗಡು, ಹಬೆಯಿಂದ ಮಾಡಿದ್ದಾರೆ. ಹಾಗೆ ನೋಡಿದರೆ ಬ್ರೆಡ್ಡೂ ಹಡಗು ಹತ್ತಿ ಬಂದು ನಮ್ಮ ಕರಾವಳಿಯಲ್ಲಿ ಉಳಿದುಕೊಂಡ ಅತಿಥಿಯೇ ಎಂದು ವಿವರಿಸತೊಡಗಿದೆ. "ಪಾಠ ಕಾಲೇಜಲ್ಲಿ ಮಾಡು ಮಾರಾಯ್ತಿ" ಎಂದು ಅತ್ತೆ ಟಿ.ವಿ. ಹಾಕಿದರು.

ಪಾಠ ಬಿಟ್ಟು ಮಸಾಲೆಗೆ ಕೈ ಹಾಕಿದೆ. ಒಣಮೆಣಸು, ಕೊತ್ತಂಬರಿ, ಕಾಳುಮೆಣಸು ಹುರಿದು, ಹುಣಸೆಹುಳಿ, ಬೆಳ್ಳುಳ್ಳಿ ಸೇರಿಸಿ ಗಟ್ಟಿಯಾಗಿ ಅರೆದೆ. ಡಬ್ಬದ ಎಣ್ಣೆ ಬಸಿದು, ಒಂದೇ ಚಮಚ ತೆಂಗಿನೆಣ್ಣೆಯಲ್ಲಿ ಮಸಾಲೆ ಬಾಡಿಸಿ, ಮೀನನ್ನು ಮೆಲ್ಲಗೆ ಹೊರಳಿಸಿದೆ. ಡಬ್ಬದಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ಮೊಟ್ಟೆ ಹಾಕಿದ ಮಯೊನೀಸಿನ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಲಿಂಬೆಯಲ್ಲಿ ನೆನೆದ ಈರುಳ್ಳಿ, ತೆಳ್ಳಗೆ ಹೆಚ್ಚಿದ ಮುಳ್ಳುಸೌತೆ. ಗೋಧಿ ಬ್ರೆಡ್ಡನ್ನು ಕಾವಲಿಯ ಮೇಲೆ ಗರಿಯಾಗಿ ಸುಟ್ಟೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಒಳಗೆ ಇಡೀ ಮನೆ ಪುಳಿಮುಂಚಿ ಮಸಾಲೆಯ ಹುಳಿಖಾರದ ಘಮಕ್ಕೆ ಮೂಗರಳಿಸಿತು.

ರುಚಿ ನೋಡಲು ಜಮೀಲಾಳನ್ನು ಕರೆದಿದ್ದೆ. ಅತ್ತೆ ಟಿ.ವಿ. ಆರಿಸಿ, ನೀರು ಕುಡಿಯುವ ನೆಪದಲ್ಲಿ ಬಂದು ಮೇಜಿನ ತುದಿಗೆ ಕೂತರು. ಜಮೀಲಾ ದೊಡ್ಡ ತುತ್ತೇ ಕಚ್ಚಿದಳು. ಬ್ರೆಡ್ಡಿನ ಅಂಚಿನಲ್ಲಿ ನಡುಮುಳ್ಳಿನ ತುಂಡೊಂದು ಇಣುಕಿತು.

"ಮುಳ್ಳು! ಏ ಹುಡುಗಿ, ಮುಳ್ಳು!" ಅತ್ತೆ ಅರ್ಧ ಎದ್ದೇಬಿಟ್ಟರು. ಕೈ ತಾನಾಗಿ ತಮ್ಮ ಗಂಟಲಿಗೆ ಹೋಗಿತ್ತು.

ಜಮೀಲಾ ನಿಧಾನವಾಗಿ ಅಗಿದು ನುಂಗಿದಳು. "ಮುಳ್ಳು ಉಂಟು ಅಮ್ಮ. ಆದರೆ ಅದಕ್ಕೆ ಸಿಟ್ಟಿಲ್ಲ. ಹಿಡಿದು ನೋಡಿ."

ಅವಳು ಕೊಟ್ಟ ತುಂಡನ್ನು ಅತ್ತೆ ಎರಡು ಬೆರಳ ನಡುವೆ ಒತ್ತಿದರು. ಹಿಟ್ಟಾಯಿತು. ಬಾಣಲೆಯಿಂದ ಇನ್ನೊಂದು ತೆಗೆದುಕೊಂಡು ಒತ್ತಿದರು, ಅದೂ ಹಿಟ್ಟಾಯಿತು. ಬೆರಳ ತುದಿಯನ್ನು ತಿರುಗಿಸಿ ನೋಡಿದರು. ಅವರು ಬೆರಳನ್ನು ಬಾಯಿಗಿಟ್ಟರು. ಅಷ್ಟು ತಿಂಗಳ ಮೇಲೆ ನನ್ನ ಅತ್ತೆ ಮೊದಲು ತಿಂದದ್ದು ಮುಳ್ಳನ್ನೇ.

ಆಮೇಲೆ ಒಂದು ಸ್ಯಾಂಡ್‌ವಿಚ್ ತೆಗೆದುಕೊಂಡು, ಮೇಲಿನ ಬ್ರೆಡ್ಡನ್ನು ಮುಚ್ಚಳದಂತೆ ಎತ್ತಿ ಬದಿಗಿಟ್ಟು, ಒಳಗಿನದ್ದನ್ನೆಲ್ಲ ತಿಂದರು. "ಹುಳಿ ಸಾಲದು" ಅಂದರು. ಇನ್ನೊಂದನ್ನು ಬ್ರೆಡ್ಡಿನ ಸಮೇತ ತಿಂದರು. ಜಮೀಲಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನನ್ನ ಕಣ್ಣು ಮಾತ್ರ ಒದ್ದೆಯಾಗಿತ್ತು. ಈರುಳ್ಳಿ ಹೆಚ್ಚಿದವಳಿಗೆ ಒಂದು ಅನುಕೂಲವುಂಟು. ಯಾರೂ ಕಾರಣ ಕೇಳುವುದಿಲ್ಲ.

ಆ ಮಳೆಗಾಲವಿಡೀ ಅತ್ತೆ ವಾರಕ್ಕೆರಡು ಸಲ ಸ್ಯಾಂಡ್‌ವಿಚ್ ತಿಂದರು. ರವಿಕೆಗಳು ಹೆಗಲಲ್ಲಿ ಮತ್ತೆ ನಿಲ್ಲತೊಡಗಿದವು. ದೋಣಿಗಳು ಕಡಲಿಗಿಳಿದ ಮೇಲೆ ಒಂದು ಬೆಳಿಗ್ಗೆ ನಮ್ಮವರು ಮಲ್ಪೆಯಿಂದ ಹೊಸ ಬೂತಾಯಿ ತಂದರು. ಅತ್ತೆಗಾಗಿ ನಾನು ಡಬ್ಬವೊಂದನ್ನು ತೆಗೆದಿಟ್ಟಿದ್ದೆ. ಊಟಕ್ಕೆ ಕೂತವರು ಅದರ ಕಡೆ ನೋಡಲೇ ಇಲ್ಲ. ಹುರಿದ ಬೂತಾಯಿಗಳಲ್ಲಿ ಸಣ್ಣದೊಂದನ್ನು ಆರಿಸಿ ತಟ್ಟೆಗೆ ಹಾಕಿಕೊಂಡರು. ಬೆರಳಿನಿಂದ ಬಿಡಿಸಿದರು, ಒತ್ತಿ ನೋಡಿದರು, ಒಂದು ಚೂರು ಬಾಯಿಗಿಟ್ಟು ಮೆಲ್ಲಗೆ ಅಗಿದರು. ಈ ಸಲ ಊರ ಸುದ್ದಿ ಇರಲಿಲ್ಲ. ನಾವೆಲ್ಲ ತುತ್ತು ಕೈಯಲ್ಲೇ ಹಿಡಿದು ಅವರ ಗಂಟಲನ್ನೇ ನೋಡುತ್ತಿದ್ದೆವು.

ಅತ್ತೆ ನುಂಗಿದರು. ನೀರು ಕುಡಿದರು. ನಮ್ಮನ್ನೆಲ್ಲ ಒಮ್ಮೆ ದಿಟ್ಟಿಸಿದರು.

"ನನ್ನ ಬಾಯಿ ಎಂತಕ್ಕೆ ನೋಡ್ತೀರಿ? ನಿಮ್ಮ ನಿಮ್ಮ ಮುಳ್ಳು ನೋಡಿಕೊಳ್ಳಿ."