ಹೆಪ್ಪು ಕೊಡುವ ಹೊತ್ತು

“ಸೊಂಟದ ಎಲುವಿನ್ಯಾಗಿಂದು ತಗದು ಅವರಣ್ಣಗ ಕೊಟ್ರ ನಮ್ಮ ಸೊಸಿ ಬರಿದಾಗಂಗಿಲ್ಲೇನ್ರೀ?” ಚೋರನೂರಿನ ಸಾವಂತ್ರವ್ವ ಅಡುಗೆಮನೆಯಲ್ಲಿ ನನಗೆ ಚಹಾ ಕೊಡುವ ಮೊದಲೇ ಕೇಳಿದಳು.

ಸೊಸೆಯ ಅಣ್ಣ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಿದ್ದವನು. ಗಣಿ ಭರಾಟೆಯ ಆ ದಿನಗಳಲ್ಲೇ ಅವನಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ತಂಗಿಯ ಎಲುಬಿನ ಮಜ್ಜೆಯಲ್ಲಿರುವ ಕಾಂಡಕೋಶಗಳು ಅವನಿಗೆ ಹೊಂದುತ್ತಿದ್ದವು, ಅವಳೂ ಒಪ್ಪಿದ್ದಳು. ಅತ್ತೆ ಒಪ್ಪಿರಲಿಲ್ಲ. ಈ ಕೋಶಗಳ ಮೇಲೆಯೇ ಸಂಶೋಧನೆ ಮಾಡುವ ನಾನು ಹೊಸಪೇಟೆಯವಳು, ಆ ಕಡೆಯ ಮಾತು ಬಲ್ಲವಳು ಎಂಬ ಕಾರಣಕ್ಕೆ ವೈದ್ಯರು ನನ್ನನ್ನು ಕಳಿಸಿದ್ದರು.

ಹಾಳೆಯ ಮೇಲೆ ಆ ಕೋಶಗಳ ಚಿತ್ರ ಬಿಡಿಸಿದೆ. ಇವು ದಿನವೂ ಹೊಸ ರಕ್ತ ಮಾಡುತ್ತವೆ, ತಾವೂ ಉಳಿಯುತ್ತವೆ. ಇವೇ ಕೆಟ್ಟರೆ ರಕ್ತವೆಲ್ಲ ಕೆಡುತ್ತದೆ ಎಂದೆ. ಸಾವಂತ್ರವ್ವ ಹಾಳೆಯನ್ನು ನೋಡಲಿಲ್ಲ, ಮೊಸರಿನ ಗಡಿಗೆಯನ್ನು ನೋಡಿದಳು.

“ಹೆಪ್ಪು ಅನ್ರಿ ಮತ್ತ! ಅವಂದು ಹೆಪ್ಪೇ ಕೆಟ್ಟೈತಿ. ಗಡಿಗಿ ಚಲೋತ್ನಂಗ ಕಾಸಿ ತೊಳದು, ತಂಗಿ ಹೆಪ್ಪು ಹಾಕ್ತೀರಿ. ಒಂದು ಚಮಚ ಹೆಪ್ಪು ಕೊಟ್ರ ಯಾರ ಗಡಿಗಿ ಬರಿದಾಗೈತಿ?”

ನಾನು ಬೆರಗಾದೆ. ಕೆಟ್ಟ ಕೋಶಗಳನ್ನು ಮೊದಲು ಔಷಧಿಯಿಂದ ತೊಳೆದುಹಾಕುತ್ತಾರೆ ಎಂಬುದನ್ನು ನಾನಿನ್ನೂ ಹೇಳಿಯೇ ಇರಲಿಲ್ಲ. ಆಕೆ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು: “ದೀಪ ಹಚ್ಚಿದ ಮ್ಯಾಲ ಮಾತ್ರ ತಗೀಬ್ಯಾಡ್ರಿ. ಸಂಜಿಮುಂದ ಹೆಪ್ಪು ಕೊಡಂಗಿಲ್ಲ.”

ಬೆಳಿಗ್ಗೆಯೇ ತೆಗೆದರು. ವರ್ಷ ಕಳೆದ ಮೇಲೆ ಅಣ್ಣ ಗುಣವಾಗಿ ಮತ್ತೆ ಲಾರಿ ಹತ್ತಿದ. ಇಂಥದ್ದನ್ನೆಲ್ಲ ನಂಬದವಳು ನಾನು. ಆದರೂ ಸಂಜೆ ಹೊತ್ತಿನಲ್ಲಿ ಪಕ್ಕದ ಪ್ರಯೋಗಾಲಯದವರು ಕಾಂಡಕೋಶದ ಸೀಸೆ ಕೇಳಲು ಬಂದರೆ, ಇಂದಿಗೂ ನನ್ನ ಉತ್ತರ ಒಂದೇ: “ಮುಂಜಾನಿ ಬರ್ರಿ.”