ಅಂಗಾತ ಬಿದ್ದ ಆಮೆ

ನಮ್ಮ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಆಮೆಯಕ್ಕ ಎನ್ನುತ್ತಾರೆ. ಅಡ್ಡಹೆಸರು ಕೇಳಿ ಮೋಸಹೋಗಬೇಡಿ. ಐವತ್ತು ದಾಟಿದ್ದರೂ ಮೆಟ್ಟಿಲನ್ನು ಎರಡೆರಡಾಗಿ ಹತ್ತುವ ಹೆಂಗಸು. ಮಾತಿಗಿಳಿದರೆ ನಡುವೆ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೋ ದೇವರಿಗೇ ಗೊತ್ತು. ಒಂಬತ್ತು ವರ್ಷದಿಂದ ಮಕ್ಕಳ ಕಾರ್ಟೂನ್ ಧಾರಾವಾಹಿಯ ಆಮೆಗೆ ದನಿ ಕೊಡುತ್ತಿದ್ದಾಳೆ, ಅದಕ್ಕೇ ಆ ಹೆಸರು. ಏಳು ಬೆಟ್ಟಗಳಾಚೆ ಒಂದು ರಾಜ್ಯ, ಅಲ್ಲಿ ಬೆಂಕಿ ಉಗುಳಲು ಮರೆತ ಒಂದು ಡ್ರ್ಯಾಗನ್, ಮೀಸೆಯೇ ಸರ್ವಸ್ವ ಎಂದುಕೊಂಡ ಒಬ್ಬ ರಾಜ, ಇಬ್ಬರಿಗೂ ಕೇಳದಿದ್ದರೂ ಬುದ್ಧಿ ಹೇಳುವ ಬಾಯಿಬಡುಕ ಆಮೆ. ಇಷ್ಟೇ ಕಥೆ. ರೆಕಾರ್ಡಿಂಗ್ ಮಾಡುವವಳು ನಾನು. ಗಾಜಿನ ಈಚೆ ನನ್ನ ಕುರ್ಚಿ, ಆಚೆ ಅವಳ ಮೈಕು. ಪರದೆಯ ಮೇಲೆ ಆಮೆ ಬಾಯಿ ಆಡಿಸಿದಂತೆ ಅವಳು ಮಾತು ಕೂಡಿಸಬೇಕು.

ಆಮೆಯ ದನಿಗೆ ಅವಳದೊಂದು ಗುಟ್ಟಿದೆ. ಎರಡು ಹತ್ತಿಯುಂಡೆ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಎರಡೂ ಕೆನ್ನೆಯೊಳಗೆ ಒತ್ತಿಕೊಳ್ಳುತ್ತಾಳೆ. ಕೆನ್ನೆ ಉಬ್ಬಿ, ದನಿ ದಪ್ಪಗಾಗಿ, ಮಾತು ಸ್ವಲ್ಪ ತೊದಲಿ, ಅಲ್ಲಿಗೆ ಆಮೆ ಸಿದ್ಧ. ಕೈಗಡಿಯಾರ ಬಿಚ್ಚಿಡುತ್ತಾಳೆ, ಸದ್ದು ಮಾಡದ ಹಳೇ ಬಟ್ಟೆ ಹಾಕಿಕೊಳ್ಳುತ್ತಾಳೆ, ಎರಡು ಬಿಸ್ಕತ್ತು ತಿಂದೇ ಒಳಗೆ ಹೋಗುತ್ತಾಳೆ. ಬಿಸ್ಕತ್ತಿಗೂ ಒಂದು ಚರಿತ್ರೆಯಿದೆ. ಮೊದಲ ವರ್ಷ ಒಮ್ಮೆ ಖಾಲಿಹೊಟ್ಟೆಯಲ್ಲಿ ಬಂದಿದ್ದಳು. ಡ್ರ್ಯಾಗನ್ ಕಣ್ಣೀರಿಡುವ ಹೊತ್ತಿಗೆ ಸರಿಯಾಗಿ ಅವಳ ಹೊಟ್ಟೆ ಗುರ್ ಎಂದಿತು, ಮೈಕು ಅದನ್ನೂ ಹಿಡಿಯಿತು. ಮಕ್ಕಳಿಗೆ ಆ ಗುರ್ ಎಷ್ಟು ಇಷ್ಟವಾಯಿತೆಂದರೆ, ಈಗಲೂ ಪ್ರತಿ ಕಂತಿನಲ್ಲಿ ಅದನ್ನು ಒಮ್ಮೆಯಾದರೂ ಹಾಕಬೇಕು. ನನ್ನ ಕಂಪ್ಯೂಟರಿನಲ್ಲಿ 'ಅಕ್ಕನ ಹೊಟ್ಟೆ' ಎಂದೇ ಒಂದು ಫೈಲಿದೆ.

ಹೀಗೆ ನಗುನಗುತ್ತಾ ಒಂಬತ್ತು ವರ್ಷ ಸಾಗಿದ ಮೇಲೆ ಆ ಕಂತು ಬಂತು. ಅರ್ಧ ಕಥೆ ತಮಾಷೆ: ರಾಜನ ಮೀಸೆ ಜೇನಿನ ಭರಣಿಯೊಳಗೆ ಸಿಕ್ಕಿಕೊಂಡಿದೆ, ಡ್ರ್ಯಾಗನ್ ಎಳೆಯುತ್ತಿದೆ, ಆಮೆ ಸಲಹೆ ಕೊಡುತ್ತಿದೆ. ಇನ್ನರ್ಧ ಆಮೆಯ ಬಾಲ್ಯ. ಮೊಟ್ಟೆಯೊಡೆದು ಬಂದ ಮರಿಗಳೆಲ್ಲ ಸಾಲಾಗಿ ಸಮುದ್ರಕ್ಕೆ ಹೊರಟಿವೆ. ಒಂದು ಮರಿ ಕಲ್ಲಿಗೆ ಎಡವಿ ಅಂಗಾತ ಬೀಳುತ್ತದೆ. "ನಾನಿಲ್ಲಿದ್ದೀನಿ" ಎಂದು ಮೂರು ಸಲ ಕೂಗುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಕೊನೆಗೆ ಅಳು ನಿಲ್ಲಿಸಿ, ಮೇಲೆ ಹಾರುವ ಹಕ್ಕಿಯೊಂದನ್ನು ಅಣಕಿಸುತ್ತದೆ. ಹಕ್ಕಿಗೆ ನಗು ತಡೆಯಲಾಗುವುದಿಲ್ಲ. ಇಳಿದು ಬಂದು ಕೊಕ್ಕಿನಿಂದ ಅದನ್ನು ಮಗುಚಿ ನಿಲ್ಲಿಸುತ್ತದೆ. ಆವತ್ತಿನಿಂದ ಆಮೆ ಬಾಯಿ ಮುಚ್ಚಿಲ್ಲ.

ನಮ್ಮ ನಿರ್ದೇಶಕರಿಗೆ ನಾವಿಟ್ಟ ಹೆಸರು 'ಇನ್ನೊಂದ್ಸಲ'. ಎಷ್ಟೇ ಚೆನ್ನಾಗಿ ಮಾಡಿ, ಅವರ ಬಾಯಿಂದ ಬರುವುದು ಅದೊಂದೇ ಮಾತು. ಆವತ್ತು ಮಾತ್ರ ಬೇರೆ ಮಾತು ಬಂತು.

"ಅಕ್ಕ, ಮೀಸೆ ಭಾಗ ನೀವು ಮಾಡಿ. ಮರಿ ಭಾಗಕ್ಕೆ ಬೇರೆಯವರನ್ನ ಕರೆಸಿದೀನಿ."

"ಯಾಕೆ? ಆಮೆ ನಾನಲ್ವಾ?"

"ನಗ್ಸೋಕೆ ನಿಮ್ಮನ್ನ ಬಿಟ್ರೆ ಇಲ್ಲ. ಇದು ಅಳ್ಸೋದು."

ಆಮೆಯಕ್ಕನ ಮುಖ ಸಪ್ಪೆಯಾಯಿತು. ನನಗೆ ಮೈಯೆಲ್ಲ ಉರಿಯಿತು. ಒಂಬತ್ತು ವರ್ಷ ಆ ಪ್ರಾಣಿಯನ್ನು ಸಾಕಿದವಳು ಇವಳು, ಅದರ ದುಃಖ ಮಾತ್ರ ಇನ್ನೊಬ್ಬರಿಗೆ! ಕರೆಸಿದ್ದು ಯಾರನ್ನು ಎಂದು ಕೇಳಲೇಬೇಕಿರಲಿಲ್ಲ. ಊರಿನಲ್ಲಿ ಯಾವ ಧಾರಾವಾಹಿಯಲ್ಲಿ ಯಾರು ಸತ್ತರೂ ಅಳುವುದು ಒಬ್ಬರೇ, ಕಣ್ಣೀರು ಮೇಡಂ. ಕುತ್ತಿಗೆಗೆ ಉಣ್ಣೆಬಟ್ಟೆ ಸುತ್ತಿಕೊಂಡು, ಬಿಸಿನೀರಿನ ಫ್ಲಾಸ್ಕ್ ಹಿಡಿದು ಬರುತ್ತಾರೆ, ಅತ್ತು ಹೋಗುತ್ತಾರೆ.

ಮಧ್ಯಾಹ್ನ ಕ್ಯಾಂಟೀನಿನ ಮೂಲೆಯಲ್ಲಿ ಆಮೆಯಕ್ಕ ಬ್ರೆಡ್ಡು ಮುರಿಯುತ್ತಾ ಕೂತಿದ್ದಳು, ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ಅದು ನನ್ನ ಕಥೆ ಕಣೇ," ಎಂದಳು.

ಐದು ಮಕ್ಕಳಲ್ಲಿ ಅವಳು ಮೂರನೆಯವಳು. ಮೊದಲನೆಯವರು ಹಿರಿಯರು, ಕೊನೆಯವರು ಮುದ್ದು, ನಡುವಿನದಕ್ಕೆ ಹೇಳುವವರಿಲ್ಲ ಕೇಳುವವರಿಲ್ಲ. ಆರು ವರ್ಷದವಳಿದ್ದಾಗ ಬಸ್ ನಿಲ್ದಾಣದಲ್ಲಿ ಅವಳನ್ನು ಬಿಟ್ಟೇ ಎಲ್ಲರೂ ಬಸ್ಸು ಹತ್ತಿದರು. ಅವಳು ಅಪ್ಪನ ಜೊತೆ ಇದ್ದಾಳೆಂದು ಅಮ್ಮ, ಅಮ್ಮನ ಜೊತೆ ಇದ್ದಾಳೆಂದು ಅಪ್ಪ. ಬಸ್ಸು ಹೊರಟೇ ಹೋಯಿತು.

"ಎಷ್ಟು ಅತ್ತೆ ಅಂತೀಯ? ಒಬ್ರಾದ್ರೂ ತಿರುಗಿ ನೋಡ್ಬೇಕಲ್ಲ. ಅಳೋ ಮಕ್ಕಳು ಅಲ್ಲಿ ಇನ್ನೂ ಹತ್ತಿದ್ವು. ಆಮೇಲೆ ಮೈಕಲ್ಲಿ ಬಸ್ಸಿನ ಹೆಸರು ಕೂಗೋನು ಮೂಗಲ್ಲಿ ಕೂಗ್ತಿದ್ದ ನೋಡು, ನಾನೂ ಹಂಗೇ ಕೂಗ್ದೆ. ಅವನು ಬಿದ್ದು ಬಿದ್ದು ನಕ್ಕ. ಎತ್ತಿ ಮೈಕಿನ ಮುಂದೆ ಕೂರಿಸ್ದ. ನಿಮ್ಮ ಅಪ್ಪ ಅಮ್ಮನ್ನ ನೀನೇ ಕೂಗು ಅಂದ."

"ಬಂದ್ರಾ?"

"ಮುಂದಿನ ಸ್ಟಾಪಲ್ಲಿ ತಲೆ ಎಣಿಸಿದ್ರಂತೆ, ಓಡಿ ಬಂದ್ರು. ಅಮ್ಮ ಎರಡು ಬಾರಿಸಿದ್ಲು." ಅವಳು ನಕ್ಕಳು. ಅಷ್ಟರಲ್ಲೇ ಕಣ್ಣು ಒರೆಸಿಕೊಂಡಳು. "ಇದನ್ನ ಬೇರೆಯವರ ಬಾಯಲ್ಲಿ ಕೇಳೋಕೆ ಆಗಲ್ಲ ಕಣೇ ನನಗೆ."

ನನಗೆ ಕೋಪ ಮೂಗಿನ ಮೇಲೇ ಇರುತ್ತದೆ. ನೇರ ಹೋಗಿ ನಿರ್ದೇಶಕರ ಎದುರು ನಿಂತು, ಅಕ್ಕನಿಗೆ ಒಂದು ಅವಕಾಶ ಕೊಡದಿದ್ದರೆ ಇವತ್ತು ಮೆಷಿನ್ ಮುಟ್ಟುವುದಿಲ್ಲ ಎಂದೆ. ಅವರು ಗಡಿಯಾರ ನೋಡಿದರು, ಕಣ್ಣೀರು ಮೇಡಂ ಬರಲು ಅರ್ಧ ಗಂಟೆಯಿತ್ತು. "ಅಷ್ಟರೊಳಗೆ ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ," ಎಂದರು.

ಆಮೆಯಕ್ಕ ಹತ್ತಿ ಇಟ್ಟುಕೊಂಡು ಹೇಳಿದಳು. ಅಭ್ಯಾಸಬಲ, ತಮಾಷೆಯಾಗಿಯೇ ಬಂತು. ಪಕ್ಕದಲ್ಲಿ ಕಸ ಗುಡಿಸುತ್ತಿದ್ದವರೂ ನಕ್ಕುಬಿಟ್ಟರು. ಹತ್ತಿ ತೆಗೆದು ಹೇಳಿದಳು. ಗದ್ಗದಿತಳಾಗಿ, ಅತ್ತು ಕರೆದು ಹೇಳಿದಳು. "ಇದು ನೀವು, ಆಮೆ ಅಲ್ಲ. ಮರಿ ಬಾಯಿ ಅಷ್ಟು ತೆರಿಯೋದೂ ಇಲ್ಲ ನೋಡಿ. ಇನ್ನೊಂದ್ಸಲ." ಮತ್ತೆ ಹತ್ತಿ. "ಇನ್ನೊಂದ್ಸಲ." ಮತ್ತೆ ತೆಗೆದಳು. "ಇನ್ನೊಂದ್ಸಲ." ಅಷ್ಟರಲ್ಲಿ ಬಾಗಿಲು ತೆರೆಯಿತು. ಉಣ್ಣೆಬಟ್ಟೆ, ಫ್ಲಾಸ್ಕ್, ಕಣ್ಣೀರು ಮೇಡಂ. ಸದ್ದಿಲ್ಲದೆ ಬಂದು ನನ್ನ ಹಿಂದಿನ ಬೆಂಚಿನ ಮೇಲೆ ಕೂತರು. ಗಾಜಿನಾಚೆಯಿಂದ ಆಮೆಯಕ್ಕನೂ ನೋಡಿದಳು, ಕೆನ್ನೆಗೆ ಹತ್ತಿ ಸೇರಿಸಿಕೊಂಡಳು.

"ಕೊನೇ ಸಲ," ಎಂದಳು. "ಮೈಕ್ ಕೆಳಗಿಳ್ಸು. ಮಲ್ಕೊಂಡು ಹೇಳ್ತೀನಿ. ಅದು ಬಿದ್ದಿರೋದು ಹಂಗೇ ತಾನೆ?"

ಮೈಕು ಇಳಿಸಿಕೊಟ್ಟು ಬಂದೆ. ಅವಳು ನೆಲದ ಮೇಲೆ ಅಂಗಾತ ಮಲಗಿದಳು. ಒಂಬತ್ತು ವರ್ಷ ನಿಂತೇ ಮಾತಾಡಿದವಳು. ಮಲಗಿದರೆ ಹತ್ತಿ ಹಿಂದಕ್ಕೆ ಜಾರುತ್ತದೆ ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲ "ನಾನಿಲ್ಲಿದ್ದೀನಿ" ಆಮೆಯದೇ ದನಿಯಲ್ಲಿ ಬಂತು. ಎರಡನೆಯದು ಅರ್ಧಕ್ಕೇ ನಿಂತಿತು. ಒಂದು ಉಂಡೆ ಗಂಟಲಿಗೆ ಜಾರಿತ್ತು. ಅವಳು ಕೈಕಾಲು ಬಡಿದಳು, ಕೆಮ್ಮಿದಳು. ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ. ಅಷ್ಟರಲ್ಲಿ ಉಂಡೆ ಠುಸ್ಸೆಂದು ಹಾರಿ ಮೈಕಿನ ಕಾಲಿಗೆ ಬಡಿಯಿತು. ಒಂದು ಕೆನ್ನೆಯಲ್ಲಿ ಹತ್ತಿ ಇತ್ತು, ಇನ್ನೊಂದು ಬರಿದಾಗಿತ್ತು. ಅವಳು ಏಳಲಿಲ್ಲ. ಕೆಮ್ಮಿನ ನೀರು ತುಂಬಿದ ಕಣ್ಣಲ್ಲಿ ಮೇಲಿನ ದೀಪ ನೋಡುತ್ತಾ, ಬಿಕ್ಕುತ್ತಾ, ತನ್ನ ಅವಸ್ಥೆಗೆ ತಾನೇ ಸ್ವಲ್ಪ ನಗುತ್ತಾ, ಮೂರನೆಯದನ್ನು ಹೇಳಿದಳು.

"ನಾನಿಲ್ಲಿದ್ದೀನಿ ಕಣ್ರೋ."

ಅದು ಆಮೆಯೂ ಹೌದು, ಬಸ್ ನಿಲ್ದಾಣದಲ್ಲಿ ಬಿಟ್ಟುಹೋದ ಆರು ವರ್ಷದ ಹುಡುಗಿಯೂ ಹೌದು. ಪರದೆಯ ಮೇಲೆ ಮರಿಯ ಬಾಯಿಗೂ ಅವಳ ಮಾತಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. 'ಕಣ್ರೋ' ಬರೆದುಕೊಟ್ಟದ್ದರಲ್ಲಿ ಇರಲಿಲ್ಲ, ಅದಕ್ಕೂ ಜಾಗ ಸಿಕ್ಕಿತ್ತು.

ನಿರ್ದೇಶಕರು ಅಭ್ಯಾಸದಂತೆ ಬಾಯಿ ತೆರೆದರು. "ಇನ್ನೊಂದ್..."

"ಇಲ್ಲ ಸಾರ್," ಎಂದೆ. "ಅವರ ಉಸಿರೇ ಹೋಗ್ತಿತ್ತು. ನಾನು ಮತ್ತೆ ರೆಕಾರ್ಡ್ ಒತ್ತಲ್ಲ."

ಹಿಂದಿನ ಬೆಂಚಿನಲ್ಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಸದ್ದಾಯಿತು. ಕಣ್ಣೀರು ಮೇಡಂ ಕಣ್ಣು ಕೆಂಪಗಾಗಿತ್ತು. ಇಷ್ಟು ವರ್ಷದಲ್ಲಿ ಅವರು ಪುಕ್ಕಟೆಯಾಗಿ ಅತ್ತದ್ದು ಅದೇ ಮೊದಲಿರಬೇಕು. "ಇಂಥವರನ್ನ ಇಟ್ಕೊಂಡು ನನ್ನನ್ನ ಯಾಕ್ರೀ ಕರೆಸಿದ್ರಿ?" ಎಂದು ನಿರ್ದೇಶಕರನ್ನು ಗದರಿದರು. ನಿರ್ದೇಶಕರು ಪೆನ್ನು ತೆಗೆದು, ಹಾಳೆಯಲ್ಲಿ ಮರಿಯಾಮೆಯ ಮುಂದೆ ಬರೆದಿದ್ದ ಮೇಡಂ ಹೆಸರು ಹೊಡೆದು ಆಮೆಯಕ್ಕನ ಹೆಸರು ಬರೆದರು.

ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಇಲ್ಲಿನ ಗುಂಡಿ ಒತ್ತಿ ಮಾತಾಡದಿದ್ದರೆ ಗಾಜಿನ ಈಚೆಯ ಮಾತು ಆಚೆ ಕೇಳುವುದಿಲ್ಲ. ಎಲ್ಲ ಮುಗಿಯಿತೆಂದುಕೊಂಡು ಹಾಗೇ ಬಿದ್ದುಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಏಳಲು ನೋಡಿದಳು, ಸೊಂಟ ಹಿಡಿದುಕೊಂಡಿತ್ತು. ಆಗ ನನ್ನ ಹೆಡ್‌ಫೋನಿನಲ್ಲಿ ಆಮೆಯ ದಪ್ಪ ದನಿ ಕೇಳಿಸಿತು, ಹತ್ತಿಯಿಲ್ಲದ ಕೆನ್ನೆಯನ್ನು ಗಾಳಿಯಿಂದ ಉಬ್ಬಿಸಿಕೊಂಡಿದ್ದಳು.

"ಮಹಾಜನಗಳೇ, ಮೀಸೆ ಎಳೆದದ್ದು ಸಾಕು. ಇಲ್ಲೊಂದು ಆಮೆ ಬಿದ್ದಿದೆ, ಯಾರಾದ್ರೂ ಬಂದು ಎಬ್ಬಿಸಿ!"

ನಾವು ಬಿದ್ದು ಬಿದ್ದು ನಕ್ಕೆವು. ನಗುತ್ತಲೇ ಬಾಗಿಲು ತಳ್ಳಿಕೊಂಡು ಓಡಿದೆ. ಒಂದು ಕೈ ನಾನು ಹಿಡಿದೆ, ಇನ್ನೊಂದನ್ನು ನನಗಿಂತ ಮೊದಲೇ ಬಂದಿದ್ದ ಕಣ್ಣೀರು ಮೇಡಂ ಹಿಡಿದಿದ್ದರು.